ಉಪ್ಪಿನ ಸೋಪು ಬೆವರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಅಕ್ಕಾ, ಅರ್ಧ ಕೆಜಿ ಕೊಬ್ಬರಿ ಎಣ್ಣೆಗೆ ಅಷ್ಟೇ ತೂಕದ ಉಪ್ಪು ಹಾಕಿ ಮನೆಯಲ್ಲೇ ಸೋಪು ಮಾಡಿದೆ. ನಮ್ಮೂರ ಸಾಣಿಕಟ್ಟಾ ಉಪ್ಪನ್ನೇ ಮಿಕ್ಸಿಯಲ್ಲಿ ಪುಡಿ ಮಾಡಿ ಹಾಕಿದ್ದೆ. ಮಾರನೇ ದಿನ ಕತ್ತರಿಸಿದರೆ ಅಂಚೆಲ್ಲ ಉದುರಿತು. ಈಗ ಮಳೆ ಹಿಡಿದಿದೆ, ಸೋಪಿನ ಮೇಲೆಲ್ಲ ನೀರಿನ ಹನಿ. ಎಣ್ಣೆಯನ್ನು ಸೋಪಾಗಿಸಲು ಹಾಕಿದ ಕಾಸ್ಟಿಕ್ ಸೋಡಾ ಹೊರಗೆ ಬರ್ತಾ ಇದೆಯಾ? ಎಸೆಯಲಾ?
– ಓದುಗರೊಬ್ಬರು, ಕುಮಟಾ

ಉತ್ತರ: ಅಯ್ಯೋ, ಎಸೆಯಬೇಡಿ! ಅದು ಉಪ್ಪಿನ ಕೆಲಸ. ಗದ್ದೆಯಲ್ಲಿ ಸಮುದ್ರದ ನೀರು ಆರಿಸಿ ತೆಗೆದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಉಳಿದಿರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಿಮ್ಮ ಉಪ್ಪಿನ ಭರಣಿ ಜೂನ್‌ನಲ್ಲಿ ಒದ್ದೆಯಾಗುವುದೂ ಇದಕ್ಕೇ ಅಲ್ವಾ? ಮಿಡಿ ಉಪ್ಪಿನಕಾಯಿಗೆ ಆ ಉಪ್ಪೇ ಆಗಬೇಕು, ಸೋಪಿಗೆ ಮಾತ್ರ ಪ್ಯಾಕೆಟ್ಟಿನ ಸಣ್ಣ ಪುಡಿ ಉಪ್ಪು ಸಾಕು.

ಕಾಸ್ಟಿಕ್ ಎಷ್ಟು ಹಾಕಿದಿರಿ ಎಂದು ಬರೆದಿಲ್ಲ. 500 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 91 ಗ್ರಾಂ ಬೇಕು. ಆದರೆ ಬರೀ ಕೊಬ್ಬರಿ ಎಣ್ಣೆಯ ಸೋಪು ಚರ್ಮ ಒಣಗಿಸುತ್ತದೆ. ಹಾಗಾಗಿ ಶೇ. 20ರಷ್ಟು ಕಮ್ಮಿ ಮಾಡಿ 73 ಗ್ರಾಂ ಹಾಕುತ್ತೇವೆ. ಉಳಿದ ಎಣ್ಣೆ ಮೈಗೆ ಮೆದು. ತಕ್ಕಡಿಯಲ್ಲಿ ತೂಗಿ ಇಷ್ಟೇ ಹಾಕಿದ್ದರೆ ನಿಶ್ಚಿಂತೆಯಿಂದಿರಿ. ಚಮಚದ ಅಳತೆ ಆಗಿದ್ದರೆ ಕ್ಷಾರ ಎಷ್ಟಿದೆ ಎಂದು ತೋರಿಸುವ ಪಿಎಚ್ ಪಟ್ಟಿ ತಂದು ಒದ್ದೆ ಸೋಪಿಗೆ ಹಚ್ಚಿ ನೋಡಿ. 9, 10 ಸೋಪಿಗೆ ಸಹಜ. 11 ದಾಟಿದರೆ ಮೈಗೆ ಬೇಡ. ಅಂದಹಾಗೆ, ಕಾಸ್ಟಿಕ್ ಅನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್‌ಗೆ ಸುರಿಯಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಹತ್ತಿರವೂ ತರಬೇಡಿ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲೇಬೇಕು.

ಅಂಚು ಉದುರಿದ್ದು ತಡ ಮಾಡಿದ್ದಕ್ಕೆ. ಬೇರೆ ಸೋಪು ಮಾರನೇ ದಿನದವರೆಗೆ ಕಾಯುತ್ತದೆ, ಉಪ್ಪಿನದು ಕಾಯುವುದಿಲ್ಲ. ಅಚ್ಚಿಗೆ ಎರೆದು ಎರಡು ಗಂಟೆ ಕಳೆದ ಮೇಲೆ ಆಗಾಗ ಬೆರಳಿಂದ ಒತ್ತಿ ನೋಡುತ್ತಿರಿ. ಗಟ್ಟಿಯಾಗಿ, ಇನ್ನೂ ಬೆಚ್ಚಗಿರುವಾಗಲೇ ಬರ್ಫಿಯಂತೆ ಕತ್ತರಿಸಿಬಿಡಿ. ನನ್ನನ್ನು ಕೇಳಿದರೆ ಕತ್ತರಿಸುವ ರಗಳೆಯೇ ಬೇಡ. ಒಂದೊಂದೇ ಸೋಪಿನ ಸಿಲಿಕೋನ್ ಅಚ್ಚು ಸಿಗುತ್ತದೆ, ಅದರಲ್ಲೇ ಎರೆಯಿರಿ.

ಈಗ ಹನಿಗಳನ್ನು ಹತ್ತಿ ಬಟ್ಟೆಯಿಂದ ಒತ್ತಿ ತೆಗೆದು, ಸೋಪುಗಳನ್ನು ಒಂದಕ್ಕೊಂದು ತಾಗದಂತೆ ಬಿದಿರಿನ ತಟ್ಟೆಯಲ್ಲಿ ನಿಲ್ಲಿಸಿ. ಕಬ್ಬಿಣದ ಜಾಲರಿ ಬೇಡ, ಉಪ್ಪುನೀರಿಗೆ ತುಕ್ಕು ಹಿಡಿದು ಸೋಪಿಗೂ ಕಲೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳಗೇ ಬೆವರುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಸ್ನಾನ ಮಾಡಿ ಬಂದವರೆಲ್ಲ ಹೊಗೆ ಹೊಗೆ ನಾತ! ಬೇರೆ ಬೆಚ್ಚನೆಯ ಕೋಣೆ ನೋಡಿ. ಆರು ವಾರಕ್ಕೆ ಬಳಸಬಹುದು. ಮೂರು ತಿಂಗಳು ಬಿಟ್ಟರೆ ನೊರೆ ಇನ್ನೂ ಚೆನ್ನಾಗಿ ಬರುತ್ತದೆ. ಮುಂದಿನ ಸಲ ದೀಪಾವಳಿ ಕಳೆದ ಮೇಲೆ ಮಾಡಿ.

ಪ್ರಶ್ನೆ: ಕೊಬ್ಬರಿ ಎಣ್ಣೆ ದುಬಾರಿ. ಉಪ್ಪಿನ ಸೋಪಿಗೆ ಸೂರ್ಯಕಾಂತಿ ಎಣ್ಣೆ ಆಗುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗುವುದಿಲ್ಲ. ಉಪ್ಪು ನೊರೆಯನ್ನು ಕೊಲ್ಲುತ್ತದೆ. ಕೊಬ್ಬರಿ ಎಣ್ಣೆಯ ಸೋಪಿಗೆ ಮಾತ್ರ ಅದನ್ನು ತಡೆದುಕೊಳ್ಳುವ ಶಕ್ತಿ. ಹಡಗಿನವರು ಸಮುದ್ರದ ನೀರಲ್ಲಿ ಸ್ನಾನಕ್ಕೆ ಇದನ್ನೇ ಬಳಸುತ್ತಿದ್ದರು. ಖರ್ಚು ಇಳಿಸಬೇಕೆಂದರೆ ಹತ್ತರಲ್ಲಿ ಎರಡು ಪಾಲು ಹರಳೆಣ್ಣೆ, ಶೇಂಗಾ ಎಣ್ಣೆ ಸೇರಿಸಿ. ಅದಕ್ಕಿಂತ ಜಾಸ್ತಿ ಬೇಡ. ಎಣ್ಣೆ ಬದಲಾದರೆ ಕಾಸ್ಟಿಕ್ ಲೆಕ್ಕವೂ ಬದಲಾಗುತ್ತದೆ, 73 ಗ್ರಾಂ ಎಂದು ಸುಮ್ನೆ ಹಾಕಿಬಿಡಬೇಡಿ.