ಜೋಮು ಹಿಡಿದ ಪಾದಕ್ಕೆ ಚೀನೀ ಮಸಾಜ್?

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ, ಪಾದಗಳು ಜೋಮು ಹಿಡಿಯುತ್ತವೆ. ಔಷಧಿಯ ಜೊತೆಗೆ ಚೀನೀ ಪಾದ ಮಸಾಜ್ ಮಾಡಿಸಿಕೊಳ್ಳಬಹುದೇ?

ಉತ್ತರ: ಮೊದಲು ವೈದ್ಯರಿಗೆ ಪಾದ ತೋರಿಸಿ. ಹುಣ್ಣು, ಬಿರುಕು ಇದ್ದರೆ ಬೇಡವೇ ಬೇಡ. ಈ ಮಸಾಜ್ ಸಾಮಾನ್ಯವಾಗಿ ಶುರುವಾಗುವುದು ಬಿಸಿನೀರಿನಲ್ಲಿ ಕಾಲು ನೆನೆಸುವುದರಿಂದ. ನಿಮಗೆ ಅಪಾಯವೂ ಅಲ್ಲೇ. ಜೋಮು ಹಿಡಿದ ಪಾದಕ್ಕೆ ಬಿಸಿ ತಿಳಿಯದೆ ಬೊಬ್ಬೆ ಏಳುತ್ತದೆ. ಕಾಲು ನೆನೆಸುವುದನ್ನು ಬಿಟ್ಟುಬಿಡಿ. ಕಾಲ್ಬೆರಳು ಮಡಚಿದಾಗ ಅಂಗಾಲಿನ ಮುಂಭಾಗದಲ್ಲಿ ಗುಳಿ ಬೀಳುವ ಜಾಗವೇ ಈ ಮಸಾಜ್‌ನಲ್ಲಿ ಒತ್ತುವ ‘ಯೊಂಗ್‌ಚುವಾನ್’ ಬಿಂದು. ಅಲ್ಲಿ ಬೆರಳ ಗೆಣ್ಣಿನಿಂದ ಬಲವಾಗಿ ಒತ್ತುವುದು ರೂಢಿ. ನಿಮಗೆ ಹೆಬ್ಬೆರಳಿನ ಮೆತ್ತಗಿನ ಒತ್ತು ಸಾಕು. ನೋವಾದಷ್ಟೂ ಒಳ್ಳೆಯದೆಂಬ ಮಾತಿಗೆ ಕಿವಿಗೊಡಬೇಡಿ. ಬೆರಳ ಸಂದಿಯಲ್ಲಿ ಎಣ್ಣೆ ಉಳಿಯದಂತೆ ಒರೆಸಿ. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಮುಟ್ಟಿಸಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಹಿತವೆನಿಸಿತೆಂದು ಮಾತ್ರೆ ನಿಲ್ಲಿಸಬೇಡಿ.