ಕಾಲೇಜು ಮಕ್ಕಳಿಗೆ ಸರಿಯಾಗಿ ತೀರ್ಮಾನ ಮಾಡೋದನ್ನು, ಮುಂದಾಳತ್ವ ವಹಿಸೋದನ್ನು ಕಲಿಸೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಡಿಗ್ರಿ ಕಾಲೇಜಿಗೆ ಅತಿಥಿ ಉಪನ್ಯಾಸಕರಾಗಿ ಸೇರಿ ಮೂರು ತಿಂಗಳಾಗಿದೆ, ಆಗಲೇ ಪ್ರಿನ್ಸಿಪಾಲರು ‘ನಾಯಕತ್ವ ಮತ್ತು ನಿರ್ಧಾರ’ ಅಂತ ವಾರಕ್ಕೊಂದು ಪೀರಿಯಡ್ ನಿಮ್ಮ ತಲೆಗೆ ಕಟ್ಟಿದ್ದಾರೆ. ಏನು ಪಾಠ ಮಾಡಲಿ, ಇದೆಲ್ಲ ಕಲಿಸಿದರೆ ಬರುತ್ತಾ ಅಂತ ಕೇಳಿದ್ದೀರಿ. ನನ್ನ ಕತೆಯೂ ಹೀಗೇ ಶುರುವಾಗಿದ್ದು. ಹೊಸಬ ಸಿಕ್ಕಿದ ಅಂತ ಎನ್‌ಎಸ್‌ಎಸ್, ಅಂದರೆ ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆಯನ್ನು ನನ್ನ ಕೈಗೆ ಕೊಟ್ಟರು. ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಕಾಮರ್ಸ್ ಹೇಳುತ್ತಾ ಒಂಬತ್ತು ವರ್ಷ ಅದನ್ನು ನೋಡಿಕೊಂಡೆ.

ಮೊದಲ ವರ್ಷ ನಾನು ಮಾಡಿದ್ದು ಪಿಪಿಟಿ. ನಾಯಕನ ಹದಿನಾಲ್ಕು ಗುಣಗಳು, ಗುಣಕ್ಕೊಂದು ಸ್ಲೈಡು. ಹುಡುಗರು ಅಷ್ಟೂ ಬರೆದುಕೊಂಡರು. ಟೆಸ್ಟಿನಲ್ಲಿ ಅಷ್ಟನ್ನೂ ವಾಪಸ್ ಬರೆದರು. ಅರ್ಧಕ್ಕರ್ಧ ಮಂದಿ ‘ಆಳಾಗಬಲ್ಲವನು ಅರಸಾಗಬಲ್ಲ’ ಅಂತ ಶುರು ಮಾಡಿದ್ದರು. ಹತ್ತಕ್ಕೆ ಎಂಟು ಕೊಟ್ಟೆ. ಅದೇ ವಾರ ಕಾಲೇಜಿನ ಕಾರ್ಯಕ್ರಮದಲ್ಲಿ ಕರೆಂಟ್ ಹೋಗಿ ಮೈಕ್ ನಿಂತಿತು. ಆ ಎಂಟೆಂಟು ನಂಬರಿನವರೆಲ್ಲ ನನ್ನ ಮುಖ ನೋಡುತ್ತಾ ಕೂತರು. ಪಿಪಿಟಿ ಅವತ್ತಿಗೆ ಮುಗಿಯಿತು.

ತೀರ್ಮಾನ ಮಾಡುವುದನ್ನು ಕಲಿಯಬೇಕಾದರೆ ಖರ್ಚಾಗಿ ಹೋಗುವಂಥದ್ದು ಏನಾದರೂ ಮಕ್ಕಳ ಕೈಯಲ್ಲಿರಬೇಕು. ದುಡ್ಡೋ, ಅಕ್ಕಿಯೋ, ಹೊತ್ತೋ. ಇದು ನನಗೆ ಹೊಳೆದದ್ದು ಒಂದು ಶಿಬಿರದಲ್ಲಿ, ಅದೂ ಒಬ್ಬ ವಿದ್ಯಾರ್ಥಿನಿ ಹೇಳಿಕೊಟ್ಟ ಮೇಲೆ.

ಎನ್‌ಎಸ್‌ಎಸ್ ಶುರುವಾದದ್ದು 1969ರಲ್ಲಿ, ಗಾಂಧೀಜಿಯ ನೂರನೇ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ. ಸೇರಿದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ ಮಾಡಬೇಕು, ಜೊತೆಗೆ ಏಳು ದಿನ ಹಳ್ಳಿಯಲ್ಲಿ ಶಿಬಿರ. ಆಗ ಶಿಬಿರಕ್ಕೆ ತಲೆಗೆ 450 ರೂಪಾಯಿ ಬರುತ್ತಿತ್ತು. 50 ಜನಕ್ಕೆ 22,500. ಊಟ, ಓಡಾಟ, ಮೈಕ್ ಬಾಡಿಗೆ, ಬ್ಯಾನರ್ ಎಲ್ಲ ಇದರಲ್ಲೇ ಆಗಬೇಕು. ಸಾಮಾನ್ಯವಾಗಿ ಈ ಲೆಕ್ಕ ಹುಡುಗರಿಗೆ ಗೊತ್ತೇ ಇರುವುದಿಲ್ಲ. ಆ ವರ್ಷ ನಾನು ಹಾಳೆಯನ್ನು ಅವರ ಮುಂದಿಟ್ಟು, “ಇರೋದು ಇಷ್ಟು. ಹೇಗೆ ಖರ್ಚು ಮಾಡ್ತೀರೋ ನೀವೇ ಹೇಳಿ. ಬಿಲ್ಲಿಗೆ ಸಹಿ ನನ್ನದು, ತೀರ್ಮಾನ ನಿಮ್ಮದು” ಎಂದೆ.

ಅಡುಗೆಯವರು ದಿನಕ್ಕೆ ಸಾವಿರ ಕೇಳಿದ್ದರು. ಫೈನಲ್ ಇಯರಿನ ಒಬ್ಬ ಹುಡುಗ ಎದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಆ ಜಾತಿ. “ಅಡುಗೆಗೆ ಏಳು ಸಾವಿರ ದಂಡ ಸಾರ್. ನಾವೇ ಮಾಡ್ಕೊಳ್ಳೋಣ. ಉಳಿದ ದುಡ್ಡಲ್ಲಿ ಊರಿನ ಶಾಲೆಗೆ ಬಣ್ಣ ಹೊಡೆಯೋಣ.” ಚಪ್ಪಾಳೆಯೋ ಚಪ್ಪಾಳೆ. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದೆ. ಐವತ್ತರಲ್ಲಿ ನಲವತ್ತೊಂದು ಕೈ. ಮೊದಲ ದಿನವೇ ಊರಿನ ಹಿರಿಯರಿಗೆ ನಾಲ್ಕೂ ಗೋಡೆಗೆ ಬಣ್ಣ ಅಂತ ಮಾತೂ ಕೊಟ್ಟಾಯಿತು.

ಐವತ್ತು ಜನಕ್ಕೆ ಸೌದೆ ಒಲೆಯಲ್ಲಿ ಮುದ್ದೆ ತಿರುವುವುದು ಅಂದರೆ ತಮಾಷೆಯಲ್ಲ. ಮೊದಲ ರಾತ್ರಿ ಹಿಟ್ಟು ಗಂಟು ಗಂಟಾಯಿತು, ಸಾರಿಗೆ ಉಪ್ಪು ಎರಡು ಸಲ ಬಿತ್ತು. ಎರಡನೇ ರಾತ್ರಿ ಊಟ ಬಡಿಸುವಾಗ ಹನ್ನೊಂದು ಗಂಟೆ. ನಾನು ಅಡುಗೆ ಕೋಣೆಗೆ ಇಣುಕಿದೆ. ಒಂಬತ್ತು ಹುಡುಗಿಯರು, ಇಬ್ಬರು ಹುಡುಗರು. ಹೊಗೆಗೆ ಎಲ್ಲರ ಕಣ್ಣೂ ಕೆಂಪು. ನಮ್ಮ ಭಾಷಣಕಾರ ಶ್ರಮದಾನ ಮುಗಿಸಿ, ಮುಖದ ಮೇಲೆ ಟವೆಲ್ ಹಾಕಿಕೊಂಡು ಜಗಲಿಯಲ್ಲಿ ನಿದ್ದೆ ಹೊಡೆಯುತ್ತಿದ್ದ.

ಮೂರನೇ ದಿನ ಬೆಳಗ್ಗೆ ಸೆಕೆಂಡ್ ಬಿಎ ಹುಡುಗಿಯೊಬ್ಬಳು ಬಂದಳು. ಕ್ಲಾಸಿನಲ್ಲಿ ಅಟೆಂಡೆನ್ಸ್ ಬಿಟ್ಟರೆ ದನಿ ಕೇಳಿಸಿದವಳಲ್ಲ. ಬಲಗೈಗೆ ಹಬೆ ಹೊಡೆದು ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಅದನ್ನು ತೋರಿಸಲೂ ಇಲ್ಲ. “ಸಾರ್, ಕೈ ಎತ್ತಿದವರು ಬೇರೆ, ಕೈ ಸುಟ್ಟುಕೊಂಡವರು ಬೇರೆ” ಎಂದಳು.

ಅಷ್ಟು ಹೊತ್ತಿಗೆ ಅಡುಗೆಯವರಿಗೆ ಫೋನ್ ಮಾಡಬೇಕು ಅಂತ ನಾನು ಮೊಬೈಲ್ ಕೈಗೆ ತಗೊಂಡಿದ್ದೆ. ಜೇಬಿಗೆ ಹಾಕಿದೆ. “ನೀನೇ ಇವತ್ತು ಸಭೆ ಕರೆಯಮ್ಮ. ನಾನು ಬಾಯಿ ಹಾಕಲ್ಲ” ಎಂದೆ. ಮೇಷ್ಟರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ, ಸುಮ್ನೆ ಕೂರೋದು.

ರಾತ್ರಿ ಊಟ ಆದ ಮೇಲೆ ಸೇರಿದರು. ಅವಳು ಭಾಷಣ ಮಾಡಲಿಲ್ಲ. ನೋಟ್‌ಬುಕ್ ಹಾಳೆ ಹರಿದು ಚೀಟಿ ಹಂಚಿದಳು. ಯಾರೂ ಮಾತಾಡೋ ಹಾಗಿಲ್ಲ, ಎರಡು ಸಾಲು ಬರೆಯಿರಿ ಎಂದಳು. ಒಂದು, ನಾಳೆಯಿಂದ ಅಡುಗೆ ಹೇಗೆ ನಡೆಯಬೇಕು? ಎರಡು, ಅದರಲ್ಲಿ ನಾನು ಯಾವ ಹೊತ್ತಿಗೆ ಒಲೆ ಮುಂದೆ ಇರುತ್ತೇನೆ? ಕರಾಮತ್ತು ಇದ್ದದ್ದು ಆ ಎರಡನೇ ಸಾಲಿನಲ್ಲಿ. ‘ನಾವೇ ಮಾಡ್ಕೊಳ್ಳೋಣ’ ಎಂದವರು ನಲವತ್ತೊಂದರಿಂದ ಹದಿನಾಲ್ಕಕ್ಕೆ ಇಳಿದರು. ಒಂದು ಚೀಟಿಯಲ್ಲಿ ಯಾರೂ ಯೋಚಿಸದ ದಾರಿ ಇತ್ತು. ಈ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಮ್ಮನನ್ನೇ ಕೇಳಿದರೆ ಹೇಗೆ? ಆಕೆ ದಿನಕ್ಕೆ ಮುನ್ನೂರಕ್ಕೆ ಒಪ್ಪಿದರು. ಹೆಚ್ಚೋದು, ತೊಳೆಯೋದು, ಬಡಿಸೋದು ಐದೈದು ಜನರ ತಂಡದ ಪಾಲಿಗೆ. ಹುಡುಗ ಹುಡುಗಿ ಅಂತ ಭೇದ ಇಲ್ಲ. ನಮ್ಮ ಭಾಷಣಕಾರನ ಹೆಸರು ಮೊದಲ ತಂಡದಲ್ಲೇ ಬಂತು. ಪಾಪ, ಈರುಳ್ಳಿ ಹೆಚ್ಚುತ್ತಾ ಅತ್ತ.

ನನ್ನ ಪ್ರಕಾರ ಅವಳು ಮುಂದಾಳು ಆಗಿದ್ದು ಆಗಲೂ ಅಲ್ಲ, ಮರುದಿನ ಬೆಳಗ್ಗೆ. ಎರಡು ದಿನ ಹಾಳಾದ ಸಾಮಾನು, ಈಗ ಅಡುಗೆ ಕೂಲಿ ಎಲ್ಲ ಸೇರಿ ಬಣ್ಣಕ್ಕೆ ಉಳಿದದ್ದು ಒಂದೇ ಗೋಡೆಯಷ್ಟು ದುಡ್ಡು. ಅದನ್ನು ಊರಿನವರಿಗೆ ಹೋಗಿ ಹೇಳಬೇಕಲ್ಲ? ಮಾತು ಕೊಟ್ಟಿದ್ದವನು ತಲೆ ತಪ್ಪಿಸಿಕೊಂಡ. ಇವಳು ಹೋದಳು. ಅರಳಿಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಮುಂದೆ ನಿಂತು, “ನಾಲ್ಕು ಗೋಡೆ ಅಂತ ಹೇಳಿದ್ವಿ, ಲೆಕ್ಕ ತಪ್ಪಿತು. ಒಂದೇ ಆಗುತ್ತೆ” ಎಂದಳು. ನೆಪ ಹೇಳಲಿಲ್ಲ, ಯಾರ ಹೆಸರೂ ಎತ್ತಲಿಲ್ಲ. ಒಬ್ಬರು ಎಲೆ ಅಡಿಕೆ ಉಗಿದು ಬಂದು, “ಒಂದಾದರೂ ನೀಟಾಗಿ ಹೊಡೀರಿ ಮಗಳೇ” ಎಂದರು.

ಅಲ್ಲಿಂದ ಮುಂದೆ ನಾನು ಕೈ ಎತ್ತಿಸುವುದನ್ನು ಬಿಟ್ಟೆ. ಮೊದಲು ಚೀಟಿ, ಆಮೇಲೆ ಮಾತು. ಮೊದಲೇ ಮಾತು ಶುರುವಾದರೆ ಜೋರು ದನಿಯವನು ಹೇಳಿದ್ದೇ ಎಲ್ಲರ ಅಭಿಪ್ರಾಯ ಆಗಿಬಿಡುತ್ತದೆ. ಹಿಂದಿನ ಬೆಂಚಿನವರು, ಹಳ್ಳಿಯಿಂದ ಬಸ್ಸಲ್ಲಿ ಬರೋ ಹುಡುಗಿಯರು ಬಾಯಿ ಬಿಡೋದೇ ಇಲ್ಲ. ಬರೆಯಲು ಹೇಳಿ ನೋಡಿ, ಆಶ್ಚರ್ಯ ಆಗುತ್ತದೆ. ಇನ್ನೊಂದು, ಸಲಹೆ ಕೊಟ್ಟವನೇ ಮೊದಲ ಪಾಳಿ ಮಾಡಬೇಕು. ಇದೊಂದು ನಿಯಮದಿಂದ ಅರ್ಧ ಸಲಹೆಗಳು ತಾವಾಗೇ ಉದುರಿಹೋಗುತ್ತವೆ.

ಹಾಗಂತ ಎಲ್ಲವನ್ನೂ ಅವರ ಕೈಗೆ ಬಿಡಬೇಡಿ. ಕೆರೆಗೆ ಇಳಿಯೋದು, ಕರೆಂಟ್ ವೈರ್ ಮುಟ್ಟೋದು, ರಾತ್ರಿ ಗಾಡಿ ಹತ್ತೋದು, ಈ ಮೂರಕ್ಕೆ ನನ್ನಲ್ಲಿ ಸಭೆಯೂ ಇಲ್ಲ, ಚೀಟಿಯೂ ಇಲ್ಲ. ಬೇಡ ಅಂದರೆ ಬೇಡ. ಕಾರಣವನ್ನೂ ಹೇಳುತ್ತೇನೆ. ಉಪ್ಪು ಜಾಸ್ತಿಯಾದರೆ ನಾಳೆ ಸರಿಮಾಡಬಹುದು, ಕೆರೆಯಲ್ಲಿ ಹಾಗಾಗಲ್ಲ. ಉಪ್ಪಿಟ್ಟೋ ಅವಲಕ್ಕಿಯೋ ಅಂತ ಒಂದು ಗಂಟೆ ಚರ್ಚೆ ಮಾಡುವ ಮಕ್ಕಳು ಕೆರೆಗೆ ಒಂದೇ ನಿಮಿಷದಲ್ಲಿ ಧುಮುಕುತ್ತಾರೆ. ಯಾವುದಕ್ಕೆ ಎಷ್ಟು ಹೊತ್ತು ಯೋಚಿಸಬೇಕು ಅನ್ನೋದೇ ಒಂದು ದೊಡ್ಡ ಪಾಠ.

ಶಿಬಿರಕ್ಕೆ ಹೊರಡುವ ಮುಂಚೆ ಮಾಡಿಸುವ ಇನ್ನೊಂದು ಕೆಲಸ ಇದೆ. ಗ್ಯಾರಿ ಕ್ಲೈನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2007ರಲ್ಲಿ ಇದರ ಬಗ್ಗೆ ಬರೆದಿದ್ದರು. ಕೆಲಸ ಶುರುವಾಗುವ ಮೊದಲೇ ‘ಇದು ಪೂರ್ತಿ ಕೆಟ್ಟುಹೋಯಿತು’ ಅಂತ ಅಂದುಕೊಂಡು, ಯಾಕೆ ಕೆಟ್ಟಿತು ಅಂತ ಒಬ್ಬೊಬ್ಬರೂ ಬರೆಯಬೇಕು. ಹುಡುಗರು ಮೊದಲು ಒಪ್ಪಲಿಲ್ಲ. “ಬಿಡ್ತು ಅನ್ನಿ ಸಾರ್, ಒಳ್ಳೆ ಕೆಲಸಕ್ಕೆ ಹೊರಟಾಗ ಅಪಶಕುನ ನುಡೀತೀರಲ್ಲ” ಎಂದರು. ಸರಿ, ಎಲ್ಲರೂ ಬಿಡ್ತು ಅಂದೆವು, ಆಮೇಲೆ ಬರೆದೆವು. ಹುಡುಗಿಯರಿಗೆ ಶೌಚಾಲಯ ದೂರ ಇದೆ ಅನ್ನೋದು ಗೊತ್ತಾಗಿದ್ದು ಆ ಚೀಟಿಗಳಿಂದಲೇ.

ನಿಮಗೆ ಸದ್ಯಕ್ಕೆ ಶಿಬಿರ ಇಲ್ಲ, ಒಂದು ಗಂಟೆಯ ಪೀರಿಯಡ್ ಮಾತ್ರ ಅಲ್ವಾ? ಹಾಗಾದರೆ ಒಂದು ಕತೆಯನ್ನು ಅರ್ಧಕ್ಕೆ ನಿಲ್ಲಿಸಿ ಹೇಳಿ. ನಾನು ಹೇಳುವುದು ರಾಕೆಟ್ಟಿನದು. ಹೆಸರು, ಊರು ಯಾವುದೂ ಹೇಳುವುದಿಲ್ಲ, ಇಲ್ಲದಿದ್ದರೆ ಉತ್ತರ ಗೊತ್ತಾಗಿಬಿಡುತ್ತದೆ. ವರ್ಷಗಳ ದುಡಿಮೆ, ಉಡಾವಣೆಗೆ ಇನ್ನು ಸ್ವಲ್ಪವೇ ಹೊತ್ತು. ಕಂಪ್ಯೂಟರ್ ಬೇಡ ಅನ್ನುತ್ತಿದೆ, ಎಲ್ಲೋ ಸೋರಿಕೆ. ಪಕ್ಕದಲ್ಲಿರುವ ತಜ್ಞರು, ಸೋರಿದರೂ ಸಾಕಾಗುವಷ್ಟು ಇಂಧನ ಇದೆ, ಹೋಗಲಿ ಅನ್ನುತ್ತಿದ್ದಾರೆ. ನೀವೇ ಮುಖ್ಯಸ್ಥರು. ಹಾರಿಸ್ತೀರಾ, ನಿಲ್ಲಿಸ್ತೀರಾ? ಕಾರಣ ಸಮೇತ ಬರೆಯಿರಿ.

ಬರೆದಾದ ಮೇಲೆ ಮುಂದಿನದನ್ನು ಹೇಳುತ್ತೇನೆ. ಅದು 1979ರ ಆಗಸ್ಟ್ 10, ಶ್ರೀಹರಿಕೋಟಾ, ಎಸ್‌ಎಲ್‌ವಿ-3. ಮುಖ್ಯಸ್ಥರು ಅಬ್ದುಲ್ ಕಲಾಂ. ಅವರೇ ಎಷ್ಟೋ ಭಾಷಣಗಳಲ್ಲಿ ಹೇಳಿಕೊಂಡ ಹಾಗೆ, ತಜ್ಞರ ಮಾತು ಕೇಳಿ ಕಂಪ್ಯೂಟರನ್ನು ಬದಿಗಿಟ್ಟು ಹಾರಿಸಿದರು. ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರ ಮುಂದೆ ಕೂತು ಸೋಲನ್ನು ತಮ್ಮ ಮೇಲೆ ಹಾಕಿಕೊಂಡವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಆಗ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ನಿರ್ದೇಶಕರು. 1980ರ ಜುಲೈ 18ರಂದು ಅದೇ ಮಾದರಿಯ ಇನ್ನೊಂದು ರಾಕೆಟ್ ಗೆದ್ದಾಗ, ಪತ್ರಕರ್ತರ ಹತ್ತಿರ ನೀವೇ ಮಾತಾಡಿ ಅಂತ ಕಲಾಂ ಅವರನ್ನು ಮುಂದೆ ಕಳಿಸಿದರು.

ಭಾಷಣಗಳಲ್ಲಿ ಎಲ್ಲರೂ ಹೇಳೋದು ಈ ಕೊನೆಯ ಭಾಗವನ್ನೇ. ನನಗೆ ಮೊದಲಿನ ಭಾಗದ ಮೇಲೆ ಪ್ರೀತಿ ಜಾಸ್ತಿ. ರಾಕೆಟ್ ಬಿತ್ತು ಅಂತ ಗೊತ್ತಾದ ತಕ್ಷಣ ಎಲ್ಲರೂ ‘ನಿಲ್ಲಿಸಬೇಕಿತ್ತು’ ಅನ್ನುತ್ತಾರೆ, ಹಾರಿಸಿ ಅಂತ ಬರೆದವರೂ! ಆಗ ಅವರ ಚೀಟಿಯನ್ನು ಅವರಿಗೇ ವಾಪಸ್ ಕೊಡಿ. ಫಲ ಕೆಟ್ಟರೆ ತೀರ್ಮಾನವೇ ಕೆಟ್ಟದ್ದಾ? ತಜ್ಞರನ್ನು ಇನ್ನೇನು ಕೇಳಬಹುದಿತ್ತು? ಸ್ವಲ್ಪ ಕಾದಿದ್ದರೆ ಏನು ಕಳೆದುಕೊಳ್ಳುತ್ತಿದ್ದರು? ಆ ದಿನದ ಗಲಾಟೆ ಬೆಲ್ ಹೊಡೆದರೂ ನಿಲ್ಲುವುದಿಲ್ಲ.

ಇದೇ ಕಾರಣಕ್ಕೆ ಮಕ್ಕಳಿಗೆ ಒಂದು ನೂರು ಪುಟದ ನೋಟ್‌ಬುಕ್ ಇಡಿಸಿ. ಬಿ.ಎಡ್ ಮಾಡಲಾ, ಕೆಎಎಸ್ ಕೋಚಿಂಗ್‌ಗೆ ಧಾರವಾಡಕ್ಕೆ ಹೋಗಲಾ, ಸಾಲ ಮಾಡಿ ಬೈಕ್ ತಗೊಳ್ಳಲಾ ಅನ್ನುವಂಥ ವಿಷಯ ಬಂದಾಗ ತಾರೀಖು ಹಾಕಿ ಬರೆಯಲಿ. ಬೇರೆ ದಾರಿ ಏನಿತ್ತು, ಇದನ್ನೇ ಯಾಕೆ ಆರಿಸಿದೆ, ಏನಾಗಬಹುದು ಅಂದುಕೊಂಡಿದ್ದೇನೆ. ಆರು ತಿಂಗಳಾದ ಮೇಲೆ ತೆಗೆದು ಓದಲಿ. ಹುಡುಗನೊಬ್ಬ ಬೈಕಿನ ಪುಟಕ್ಕೆ ‘ಕಾರಣ: ಗೆಳೆಯನ ಹತ್ತಿರ ಇದೆ’ ಅಂತ ತಾನೇ ಬರೆದದ್ದನ್ನು ಓದಿ ತಲೆ ಚಚ್ಚಿಕೊಂಡಿದ್ದ. ದೊಡ್ಡ ವಿಷಯ ಆದರೆ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ವಿಜ್ಞಾನಿ ಗೆಳೆಯ ಪ್ರೀಸ್ಟ್ಲಿಗೆ ಕಾಗದ ಬರೆದು ಹೇಳಿದ ಉಪಾಯ ಈಗಲೂ ನಡೆಯುತ್ತದೆ. ಹಾಳೆಯ ನಡುವೆ ಗೆರೆ ಎಳೆದು ಬೇಕು ಒಂದು ಕಡೆ, ಬೇಡ ಇನ್ನೊಂದು ಕಡೆ. ಮೂರು ನಾಲ್ಕು ದಿನ ಹೊಳೆದಾಗಲೆಲ್ಲ ಬರೆಯುತ್ತಾ ಹೋಗಿ, ಸಮ ತೂಕದವನ್ನು ಎರಡೂ ಕಡೆ ಹೊಡೆದುಹಾಕಿ, ಉಳಿದದ್ದು ನೋಡೋದು. ಆ ಮೂರು ನಾಲ್ಕು ದಿನ ಅನ್ನೋದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಇರೋ ಗುಟ್ಟೇ ಅಲ್ಲಿ.

ಮುಂದಿನ ವಾರವೇ ಶುರು ಮಾಡುವುದಾದರೆ ಪ್ರಿನ್ಸಿಪಾಲರ ಹತ್ತಿರ ಹೋಗಿ ಒಂದು ಸಣ್ಣ, ನಿಜವಾದ ಕೆಲಸ ಕೇಳಿ ತನ್ನಿ. ಡಿಪಾರ್ಟ್‌ಮೆಂಟಿನ ಪ್ರವಾಸದ ಲೆಕ್ಕವೋ, ಬೀಳ್ಕೊಡುಗೆ ಸಮಾರಂಭದ ಐದು ಸಾವಿರವೋ ಯಾವುದಾದರೂ ನಡೆಯುತ್ತದೆ. ಎ4 ಹಾಳೆಯಲ್ಲಿ ಎಂಟು ಚೀಟಿ ಬರುತ್ತವೆ. ಅರವತ್ತು ಮಕ್ಕಳಿದ್ದರೆ ಎಂಟು ಹಾಳೆ ಸಾಕು. ಕ್ಲಾಸಿಗೆ ಹೋಗುವ ಮೊದಲೇ ಕತ್ತರಿಸಿಟ್ಟುಕೊಳ್ಳಿ, ಅಲ್ಲಿ ಹರಿಯುತ್ತಾ ಕೂತರೆ ಭಾಷಣಕಾರ ಎದ್ದುಬಿಡುತ್ತಾನೆ.