ಎಲ್ಲಕ್ಕೂ ಸೊನ್ನೆ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಆಕೆಗೆ 29 ವರ್ಷ. ಹಾಸನದ ಕಡೆಯವರು, ಗಂಡನ ಕೆಲಸದಿಂದಾಗಿ ಅಮೆರಿಕದ ಡೆನ್ವರ್ ಬಳಿ ನೆಲೆಸಿದ್ದಾರೆ. ಮಗುವಿಗೆ ನಾಲ್ಕು ತಿಂಗಳು. ಬಾಣಂತನಕ್ಕೆಂದು ಅತ್ತೆ ಊರಿನಿಂದ ಹೋಗಿದ್ದರು. ಸಲಹೆ ಕೇಳಲು ನನಗೆ ಮಾಡಿದ ವಿಡಿಯೊ ಕರೆಯ ಮೊದಲ ಇಪ್ಪತ್ತು ನಿಮಿಷ ಒಂದೇ ದೂರು.

"ಮೇಡಂ, ಮಗುವನ್ನು ಡಾಕ್ಟರ್ ನೋಡುವುದೇ ಇಲ್ಲ. ಪ್ರತಿ ಸಲ ಒಬ್ಬರು ನರ್ಸ್ ಬರುತ್ತಾರೆ. ಅವರೇ ಪರೀಕ್ಷಿಸುತ್ತಾರೆ, ಅವರೇ ಔಷಧ ಬರೆಯುತ್ತಾರೆ. ಇಷ್ಟು ದುಡ್ಡು ಸುರಿದು ನರ್ಸ್‌ಗೆ ತೋರಿಸುವುದೇ ಎಂದು ಅತ್ತೆ ಕೇಳುತ್ತಾರೆ. ಕ್ಲಿನಿಕ್ ಬದಲಿಸಲೇ?"

ಗೊಂದಲ ಸಹಜ. ನಮ್ಮ ಊರುಗಳಲ್ಲಿ ಚುಚ್ಚುಮದ್ದು ಕೊಡುವವರು ನರ್ಸ್, ಕಾಯಿಲೆ ಯಾವುದೆಂದು ಹೇಳುವವರು ಡಾಕ್ಟರ್. ಆಕೆ ಹೇಳುತ್ತಿದ್ದುದು ಪೀಡಿಯಾಟ್ರಿಕ್ ನರ್ಸ್ ಪ್ರಾಕ್ಟೀಷನರ್ ಬಗ್ಗೆ. ನರ್ಸಿಂಗ್ ಪದವಿಯ ಮೇಲೆ ಮಕ್ಕಳ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಅಥವಾ ಡಾಕ್ಟರೇಟ್ ಪಡೆದು, ರಾಷ್ಟ್ರೀಯ ಪರೀಕ್ಷೆ ಬರೆದು, ರಾಜ್ಯದ ಪರವಾನಗಿ ಪಡೆದವರು. ಬೆಳವಣಿಗೆಯ ತಪಾಸಣೆ, ಲಸಿಕೆ, ಜ್ವರ, ಕಿವಿನೋವು ಇವೆಲ್ಲ ಅವರ ಕೆಲಸ. ಹೃದಯದ ತೊಂದರೆಯಂಥದ್ದು ಕಂಡರೆ ತಜ್ಞರ ಬಳಿಗೆ ಕಳಿಸುವುದೂ ಅವರೇ. ಈ ವೃತ್ತಿ ಹುಟ್ಟಿದ್ದೇ ಆಕೆ ಇರುವ ರಾಜ್ಯದಲ್ಲಿ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಇದರ ಮೊದಲ ತರಬೇತಿಯನ್ನು ಆರಂಭಿಸಿದರು. ವೈದ್ಯರು ಸಾಲದ ಕಡೆಗಳಲ್ಲಿಯೂ ಮಕ್ಕಳಿಗೆ ಆರೈಕೆ ಸಿಗಲಿ ಎಂಬುದು ಅವರ ಆಶಯವಾಗಿತ್ತು.

ಇಷ್ಟನ್ನು ಹೇಳಿದೆ. ಆಕೆ ತಲೆಯಾಡಿಸಿದರು, ಆದರೆ ಮುಖ ಹಗುರಾಗಲಿಲ್ಲ. ಆಗ ಕೇಳಿದೆ: "ಮಗುವಿನ ಮಾತು ಬಿಡಿ. ಅವರು ನಿಮ್ಮನ್ನು ಏನು ಕೇಳಿದರು?"

ಬಹಳ ಹೊತ್ತು ಮಾತಿಲ್ಲ. ಆಮೇಲೆ ಅಳು.

ಮಗುವಿನ ತಪಾಸಣೆಗೆ ಬಂದ ತಾಯಿಗೆ ಅಲ್ಲಿ ಒಂದು ಹಾಳೆ ಕೊಡುತ್ತಾರೆ. ಎಡಿನ್‌ಬರೊ ಪ್ರಸವಾನಂತರ ಖಿನ್ನತೆ ಮಾಪಕ: ಕಳೆದ ಏಳು ದಿನಗಳ ಮನಸ್ಸಿನ ಬಗ್ಗೆ ಹತ್ತು ಪ್ರಶ್ನೆಗಳು, ಒಟ್ಟು 30 ಅಂಕ; ಅಂಕ ಹೆಚ್ಚಿದಷ್ಟೂ ಖಿನ್ನತೆಯ ಸಾಧ್ಯತೆ ಹೆಚ್ಚು. ಎರಡನೆಯ ತಿಂಗಳಲ್ಲಿ ಆಕೆ ನಿಜ ಬರೆದಿದ್ದರು. ಅಂಕ 14. ಆ ನರ್ಸ್ ಪ್ರಾಕ್ಟೀಷನರ್ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತು, ನಿಮ್ಮ ವೈದ್ಯರನ್ನು ಕಾಣಲೇಬೇಕು ಎಂದು ಚೀಟಿ ಬರೆದುಕೊಟ್ಟರು. ಆಕೆ ಚೀಟಿಯನ್ನು ಪರ್ಸಿನಲ್ಲಿ ಬಚ್ಚಿಟ್ಟರು. ನಾಲ್ಕನೆಯ ತಿಂಗಳಲ್ಲಿ ಅತ್ತೆ ಪಕ್ಕದಲ್ಲೇ ಕುಳಿತಿದ್ದರು. ಆಕೆ ಎಲ್ಲಕ್ಕೂ ಸೊನ್ನೆ ಬರುವಂತೆ ಗುರುತು ಹಾಕಿದರು. ನರ್ಸ್ ಪ್ರಾಕ್ಟೀಷನರ್ ಹಾಳೆಯನ್ನೂ ಮುಖವನ್ನೂ ನೋಡಿ, "ನಾವಿಬ್ಬರೇ ಮಾತನಾಡೋಣವೇ?" ಎಂದಿದ್ದರು. ಮನೆಗೆ ಬಂದೊಡನೆ ಕ್ಲಿನಿಕ್ ಬದಲಿಸುವ ಮಾತು ಶುರುವಾಯಿತು.

"ನಿಜ ಹೇಳಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಮೇಡಂ."

ಈ ಭಯ ಎಷ್ಟು ತಾಯಂದಿರ ಬಾಯಿ ಕಟ್ಟಿದೆಯೋ! ಹಾಳೆಯ ಹತ್ತನೆಯ ಪ್ರಶ್ನೆಯನ್ನೇ ನಾನೂ ನೇರವಾಗಿ ಕೇಳಿದೆ: ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ? "ಮಲಗಿದರೆ ಏಳದಿದ್ದರೆ ಸಾಕು ಅನ್ನಿಸುತ್ತದೆ. ಏನೂ ಮಾಡಿಕೊಳ್ಳುವುದಿಲ್ಲ" ಎಂದರು. ನಂಬಿದೆ, ಆದರೆ ಅಲ್ಲಿಗೇ ಬಿಡಲಿಲ್ಲ. ಅವರ ಒಪ್ಪಿಗೆ ಪಡೆದು ಗಂಡನನ್ನು ಅದೇ ಕರೆಗೆ ಕರೆದೆವು.

ನಾನು ಕೊಟ್ಟ ಸಲಹೆ ಹೀಗಿತ್ತು. ಖಿನ್ನತೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಮಗುವನ್ನು ಒಯ್ಯುವುದಿಲ್ಲ. ಆ ಹಾಳೆ ಇರುವುದು ತಾಯಿಗೆ ಬೇಗ ಚಿಕಿತ್ಸೆ ಸಿಗಲೆಂದು. ನಾನು ಮೈಸೂರಿನಲ್ಲಿ ಕುಳಿತವಳು, ಧೈರ್ಯ ಹೇಳಬಲ್ಲೆ, ಚಿಕಿತ್ಸೆ ಅಲ್ಲಿಯೇ ಆಗಬೇಕು. ಚೀಟಿ ಹಿಡಿದು ಈ ವಾರವೇ ಹೋಗಿ. ರಾತ್ರಿ ಮನಸ್ಸು ಕೆಟ್ಟರೆ ಅಮೆರಿಕದ ತಾಯಂದಿರ ಸಹಾಯವಾಣಿ 1-833-852-6262, ಜೀವದ ಪ್ರಶ್ನೆಯಾದರೆ 988. (ಇಲ್ಲಿನ ಓದುಗರಿಗೆ ಟೆಲಿ ಮಾನಸ್ 14416 ಇದೆ.) ಮಕ್ಕಳ ವೈದ್ಯರನ್ನು ನೋಡಬೇಕೆನಿಸಿದರೆ ಅದೇ ಕ್ಲಿನಿಕ್‌ನಲ್ಲಿ ಕೇಳಿ, ಅದು ನಿಮ್ಮ ಹಕ್ಕು. ಆದರೆ ನಿಮ್ಮನ್ನು ಗುರುತಿಸಿದ ಒಬ್ಬರೇ ವ್ಯಕ್ತಿಯಿಂದ ಓಡಬೇಡಿ. ಗಂಡನಿಗೆ ಹೇಳಿದ್ದು: ರಾತ್ರಿಯ ಒಂದು ಸರದಿ ನಿಮ್ಮದು, ಅಮ್ಮನಿಗೆ ವಿಷಯ ತಿಳಿಸುವ ಹೊಣೆಯೂ ನಿಮ್ಮದು.

ಅತ್ತೆಯ ಬಗ್ಗೆ ನನಗೆ ಅಳುಕಿತ್ತು. ಆದರೆ ವಿಷಯ ಕೇಳಿದ ಆ ಹಿರಿಯರು, "ನನಗೂ ಎರಡನೆಯ ಬಾಣಂತನದಲ್ಲಿ ಹೀಗೇ ಆಗಿತ್ತು, ಯಾರೂ ಕೇಳಲಿಲ್ಲ" ಎಂದರಂತೆ.

ಆರನೆಯ ತಿಂಗಳ ತಪಾಸಣೆಗೆ ಮೂವರೂ ಹೋದರು. ಅಂಕ 8, ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಅಂದು ಹೆಚ್ಚು ಪ್ರಶ್ನೆ ಕೇಳಿದವರು ಅತ್ತೆಯೇ, ಮಗನ ಬಾಯಿಂದ. ರಾಗಿ ಸರಿ ಕೊಡಬಹುದೇ? ಬಜೆಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸಬಹುದೇ? ನರ್ಸ್ ಪ್ರಾಕ್ಟೀಷನರ್ ರಾಗಿ ಎಂದರೇನೆಂದು ಕೇಳಿ ಬರೆದುಕೊಂಡು, ತೆಳ್ಳಗೆ ಮಾಡಿ ಕೊಡಿ ಎಂದರು. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ಅದರಿಂದ ಬಾಟ್ಯುಲಿಸಂ ಎಂಬ, ಸ್ನಾಯುಗಳ ಬಲ ಕುಂದಿಸುವ ಅಪಾಯಕಾರಿ ಕಾಯಿಲೆ ಬರಬಹುದು ಎಂದರು. ಅತ್ತೆ ಮರುದಿನವೇ ಜೇನಿನ ಶೀಶೆಯನ್ನು ಮೇಲಿನ ಕಪಾಟಿಗೆ ಏರಿಸಿದರು.